ಆ ಬಾತುಕೋಳಿ ಯಾಕೆ ಬೀಳಲಿಲ್ಲ?

ಕಳೆದ ದಸರೆಯ ರಜೆಯಲ್ಲಿ ಹಾಸನದ ಮನೆಯ ಅಟ್ಟ ಗುಡಿಸುವಾಗ ನಮ್ಮ ಹಳೆಯ ವಿಡಿಯೋ ಗೇಮ್ ಡಬ್ಬ ಸಿಕ್ಕಿತು. 1994ರಲ್ಲಿ ಅಪ್ಪ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದು. ಅಮ್ಮ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಹಿತ್ತಾಳೆ ಪಾತ್ರೆಗಳ ಹಿಂದೆ ಇಟ್ಟಿದ್ದಳು. ಬಿಚ್ಚಿದರೆ ಎಲ್ಲ ಹಾಗೆಯೇ ಇತ್ತು: ಎರಡು ರಿಮೋಟು, ಒಂದು ಅಡಾಪ್ಟರು, ಹಳದಿ ಬಣ್ಣದ ಎರಡು ಕ್ಯಾಸೆಟ್ಟು, ಒಂದು ಕಪ್ಪು ಪಿಸ್ತೂಲು. ಡಬ್ಬದ ಬೆನ್ನಿಗೆ, ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ಒಂದು ತುಂಡು. ಅದರ ಮೇಲೆ ಅಪ್ಪನ ಕೈಬರಹದಲ್ಲಿ '8' ಎಂಬ ಒಂದೇ ಅಂಕೆ.

ಅಪ್ಪ ಹೋಗಿ ಆರು ವರ್ಷವಾಯಿತು. ಆ ಎಂಟರ ಅರ್ಥ ಗೊತ್ತಿರುವುದು ಈಗ ನನಗೂ ಅಕ್ಕನಿಗೂ ಮಾತ್ರ. ಗೇಮ್ ಡಬ್ಬದ ವೈರನ್ನು ಆಗ ಟಿವಿಯ ಹಿಂದೆ ಆಂಟೆನಾ ಸಿಕ್ಕಿಸುವ ಜಾಗಕ್ಕೇ ಸಿಕ್ಕಿಸಬೇಕಿತ್ತು. ಟಿವಿಯ ಮಟ್ಟಿಗೆ ಆ ಡಬ್ಬವೂ ಒಂದು ಪುಟ್ಟ ಪ್ರಸಾರ ಕೇಂದ್ರ, ದೂರದರ್ಶನದ ಹಾಗೆ. ಅಪ್ಪ ಒಂದು ಭಾನುವಾರ ಮಧ್ಯಾಹ್ನವೆಲ್ಲ ಕೂತು, ನಮ್ಮ ಬಿಪಿಎಲ್ ಟಿವಿಯಲ್ಲಿ ಆ ಕೇಂದ್ರವನ್ನು ಹುಡುಕಿ 8ನೇ ನಂಬರಿಗೆ ಕೂರಿಸಿದ್ದರು. ಮರೆಯದಿರಲೆಂದು ಬರೆದು ಅಂಟಿಸಿದ್ದರು. ಆ ಟಿವಿ ಗುಜರಿಗೆ ಹೋಗಿ ಬಹಳ ಕಾಲವಾಗಿದೆ. ಮನೆ ಕೆಡವಿದ ಮೇಲೂ ಉಳಿದುಕೊಂಡ ವಿಳಾಸದ ಹಾಗೆ ಎಂಟು ಮಾತ್ರ ಉಳಿದಿದೆ.

ಹಬ್ಬಕ್ಕೆ ಅಕ್ಕನೂ ಅವಳ ಒಂಬತ್ತು ವರ್ಷದ ಮಗಳೂ ಬಂದಿದ್ದರು. ಹಾಲಿನ ಗೋಡೆಯ ಮೇಲಿನ 43 ಇಂಚಿನ ಟಿವಿಗೆ ಡಬ್ಬವನ್ನು ಎವಿ ವೈರಿನಿಂದ ಸೇರಿಸಿದೆ. ಕ್ಯಾಸೆಟ್ಟಿಗೆ ಎರಡು ಸಲ ಊದಿದೆ. ಚಿತ್ರ ಬಂತು. ಆದರೆ ಮಾರಿಯೋ ಹಬ್ಬದೂಟ ಜಾಸ್ತಿಯಾದವನಂತೆ ಅಡ್ಡಡ್ಡ ಬೆಳೆದಿದ್ದ. ಅಂಚುಗಳೆಲ್ಲ ಕಲಸಿಹೋಗಿದ್ದವು. ನಾನು ಗುಂಡಿ ಒತ್ತಿದ ಮೇಲೆ ಅವನು ಒಂದು ಕ್ಷಣ ಯೋಚಿಸಿ ಹಾರುತ್ತಿದ್ದ; ಅಷ್ಟು ಹೊತ್ತಿಗೆ ಹಳ್ಳದಲ್ಲಿರುತ್ತಿದ್ದ.

ಅಕ್ಕ ನಗುತ್ತಾ ಪಿಸ್ತೂಲು ಎತ್ತಿಕೊಂಡಳು. 'ಡಕ್ ಹಂಟ್' ಆಟದಲ್ಲಿ ನಮ್ಮ ಬೀದಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಹುಲ್ಲಿನ ಹಿಂದಿನಿಂದ ಬಾತುಕೋಳಿ ಹಾರುತ್ತದೆ, ಮೂರು ಗುಂಡು, ಅಷ್ಟರಲ್ಲಿ ಹೊಡೆಯಬೇಕು. ಹುಡುಗರೆಲ್ಲ ಟಿವಿಗೆ ಮೂಗು ತಾಗಿಸಿ ಹೊಡೆಯುವಾಗ ಅವಳು ಹಿಂದಿನ ಸೋಫಾದಲ್ಲಿ ಕೂತೇ ಬೀಳಿಸುತ್ತಿದ್ದಳು. ಅವತ್ತು ಒಂದೂ ಬೀಳಲಿಲ್ಲ. ಕುದುರೆ ಎಳೆದಾಗಲೆಲ್ಲ ಪರದೆ ಕಣ್ಣು ಮಿಟುಕಿಸಿದಂತೆ ಆಗುವುದು, ಬಾತುಕೋಳಿ ಹಾರಿಹೋಗುವುದು, ಹುಲ್ಲಿನಿಂದ ನಾಯಿ ಎದ್ದು ನಗುವುದು. ಅಕ್ಕ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಹತ್ತಿರ ಹೋದಳು. ಕೊನೆಗೆ ಪಿಸ್ತೂಲನ್ನು ಮಗಳ ಕೈಗೆ ಕೊಟ್ಟು, "ಬಿಡೋ, ನಲವತ್ತಮೂರು ವರ್ಷಕ್ಕೆ ಕೈ ಎಲ್ಲಿ ನಿಲ್ಲತ್ತೆ" ಅಂದಳು. ಮಗಳು ಹೊಡೆದಾಗಲೂ ಬೀಳಲಿಲ್ಲ. ಅವಳಿಗೆ ಅದು ಮೊದಲ ಸಲವಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಮಾತು ಹೇಳಿದಾಗಿನ ಅಕ್ಕನ ಮುಖ ನನ್ನ ಮನಸ್ಸಿನಲ್ಲಿ ಉಳಿಯಿತು. ಬಾತುಕೋಳಿ ಯಾಕೆ ಬೀಳಲಿಲ್ಲ ಎಂದು ಹುಡುಕಲು ಕೂತದ್ದು ಅದಕ್ಕೆ. ಹುಡುಕುತ್ತಾ ಹೋದಂತೆ ಅದು ಟಿವಿ ಎಂಬ ವಸ್ತುವಿನ ಚರಿತ್ರೆಯೇ ಆಯಿತು.

ಟಿವಿಯನ್ನು ನೋಡುವುದಕ್ಕಲ್ಲದೆ ಆಡುವುದಕ್ಕೂ ಬಳಸಬಹುದೆಂಬ ಯೋಚನೆಯನ್ನು ಕಾಗದಕ್ಕೆ ಇಳಿಸಿದವರು ರಾಲ್ಫ್ ಬೇರ್. ನಾಜಿ ಜರ್ಮನಿಯಿಂದ 1938ರಲ್ಲಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಓಡಿಬಂದ ಯಹೂದಿ ಕುಟುಂಬದವರು. ಸೇನೆಗೆ ಉಪಕರಣ ಮಾಡಿಕೊಡುವ ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ಕಂಪನಿಯಲ್ಲಿ ಎಂಜಿನಿಯರ್. 1966ರ ಆಗಸ್ಟ್ ಕೊನೆಯಲ್ಲಿ ನ್ಯೂಯಾರ್ಕಿನ ಬಸ್ ನಿಲ್ದಾಣವೊಂದರಲ್ಲಿ ಸಹೋದ್ಯೋಗಿಗಾಗಿ ಕಾಯುತ್ತಿದ್ದಾಗ ಈ ಯೋಚನೆ ಹೊಳೆಯಿತು. ಮರುದಿನ ಅದನ್ನು ನಾಲ್ಕು ಪುಟಗಳಲ್ಲಿ ಬರೆದರು. ಆ ಬರಹದಲ್ಲಿ ಅವರು ತಮ್ಮ ಆಟದ ಡಬ್ಬಕ್ಕೆ ಇಟ್ಟ ಹೆಸರು 'ಚಾನೆಲ್ ಎಲ್‌ಪಿ'. ಎಲ್‌ಪಿ ಎಂದರೆ 'ಲೆಟ್ಸ್ ಪ್ಲೇ', ಬನ್ನಿ ಆಡೋಣ. ಅಪ್ಪನ 8ನೇ ನಂಬರಿನ ಮೂಲಪುರುಷ ಇದು. ಮನೆಮನೆಯಲ್ಲಿ ಆಗಲೇ ಇದ್ದ ಟಿವಿಗೆ ಕಳ್ಳದಾರಿಯಿಂದ ಒಂದು ಹೊಸ ಚಾನೆಲ್ ಆಗಿ ಒಳಹೊಗುವುದು ಬೇರ್ ಅವರ ಉಪಾಯ. ಅವರು ಮಾಡಿದ 'ಬ್ರೌನ್ ಬಾಕ್ಸ್' ಎಂಬ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಅದರ ಆಧಾರದ ಮೇಲೆ 1972ರಲ್ಲಿ ಮಾರುಕಟ್ಟೆಗೆ ಬಂದದ್ದು 'ಮ್ಯಾಗ್ನವಾಕ್ಸ್ ಒಡಿಸ್ಸಿ', ಮನೆಯ ಟಿವಿಗೆ ಸೇರಿಸುವ ಮೊದಲ ಗೇಮ್ ಡಬ್ಬ.

ಒಡಿಸ್ಸಿಗೆ ಬಣ್ಣ ಬಿಡಿಸಲು ಬರುತ್ತಿರಲಿಲ್ಲ, ಸದ್ದು ಮಾಡಲು ಬರುತ್ತಿರಲಿಲ್ಲ. ಕೆಲವು ಬಿಳಿ ಚುಕ್ಕೆಗಳು ಮತ್ತು ಒಂದು ಗೆರೆ, ಅಷ್ಟೇ. ಉಳಿದದ್ದಕ್ಕೆ ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ಕೊಡುತ್ತಿದ್ದರು. ಆಟಕ್ಕೆ ತಕ್ಕ ಹಾಳೆಯನ್ನು ಟಿವಿಯ ಗಾಜಿಗೆ ಅಂಟಿಸಿಕೊಳ್ಳಬೇಕು. ಪಿಕ್ಚರ್ ಟ್ಯೂಬಿನ ಗಾಜಿನ ಮೇಲೆ ಸ್ಥಿರವಿದ್ಯುತ್ತು ಇರುತ್ತದಲ್ಲ, ಮುಟ್ಟಿದರೆ ಚುರ್ ಎಂದು ಕೈಯ ರೋಮ ಎದ್ದು ನಿಲ್ಲುತ್ತಿತ್ತಲ್ಲ, ಹಾಳೆ ನಿಲ್ಲುತ್ತಿದ್ದದ್ದು ಅದರ ಬಲದಿಂದ. ಮೊಟ್ಟಮೊದಲ ಡಬ್ಬದಿಂದಲೇ ಅರ್ಧ ಆಟ ಡಬ್ಬದಲ್ಲಿತ್ತು, ಇನ್ನರ್ಧ ಟಿವಿಯ ಗಾಜಿನ ಮೇಲಿತ್ತು.

ಪಿಕ್ಚರ್ ಟ್ಯೂಬ್ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಟಿವಿಯ ಹಿಂಬದಿಯ ಗೂನಿನಿಂದ ಹೊರಟ ಎಲೆಕ್ಟ್ರಾನ್ ಕಿರಣವೊಂದು ಗಾಜಿನ ಒಳಮೈಗೆ ಬಳಿದ ಪುಡಿಗೆ ಹೊಡೆಯುತ್ತದೆ, ಹೊಡೆದ ಚುಕ್ಕೆ ಹೊಳೆಯುತ್ತದೆ, ಕ್ಷಣದಲ್ಲಿ ಮಂಕಾಗುತ್ತದೆ. ಕಿರಣ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಹಿಂದಿರುಗಿ, ಕೆಳಗೆ ಇನ್ನೊಂದು ಎಳೆಯುತ್ತದೆ, ಹೊಲ ಉತ್ತ ಹಾಗೆ. ಇಡೀ ಚಿತ್ರ ಯಾವ ಕ್ಷಣದಲ್ಲೂ ಪರದೆಯ ಮೇಲೆ ಪೂರ್ತಿ ಇರುವುದಿಲ್ಲ. ಪೂರ್ತಿ ಮಾಡಿಕೊಳ್ಳುವುದು ನಮ್ಮ ಕಣ್ಣು. ಹಳೆಯ ಟಿವಿಗೆ ನೆನಪೆಂಬುದಿರಲಿಲ್ಲ. ವೈರಿನಲ್ಲಿ ಬಂದದ್ದನ್ನು ಬಂದ ಕ್ಷಣದಲ್ಲೇ ತೋರಿಸಿ ಮರೆತುಬಿಡುತ್ತಿತ್ತು.

1977ರಲ್ಲಿ ಬಂದ ಅಟಾರಿಯ ಡಬ್ಬ, ಮುಂದೆ 'ಅಟಾರಿ 2600' ಎಂದು ಹೆಸರಾದದ್ದು, ಈ ಮರೆವನ್ನೇ ನಂಬಿ ಕಟ್ಟಿದ ಯಂತ್ರ. ಅದರ ಕೆಲಸದ ಮೆಮೊರಿ ಬರೀ 128 ಬೈಟ್. ಈ ಪ್ಯಾರಾದ ಮೊದಲ ವಾಕ್ಯವನ್ನು ಕೂಡಿಡುವುದಕ್ಕೂ ಸಾಲದು. ಒಂದು ಇಡೀ ಚಿತ್ರವನ್ನು ಅದು ಎಲ್ಲಿ ಇಟ್ಟುಕೊಳ್ಳಬೇಕು? ಹಾಗಾಗಿ ಇಟ್ಟುಕೊಳ್ಳಲೇ ಇಲ್ಲ. ಕಿರಣ ಪರದೆಯ ಮೇಲೆ ಒಂದು ಗೆರೆ ಎಳೆಯುವಷ್ಟರಲ್ಲಿ ಅದರ ಪ್ರೊಸೆಸರಿಗೆ ಸಿಗುತ್ತಿದ್ದದ್ದು 76 ಗಡಿಯಾರ ಮಿಡಿತ. ಅಷ್ಟರಲ್ಲಿ ಆ ಗೆರೆಯಲ್ಲಿ ಏನು ಕಾಣಬೇಕೆಂದು ತೀರ್ಮಾನಿಸಬೇಕು. ತಡವಾದರೆ ಕಿರಣ ಮುಂದೆ ಹೋಗಿರುತ್ತದೆ. ಆಟ ಬರೆಯುವವರು ಟಿವಿಯ ಕಿರಣದ ಜೊತೆ ಓಟಕ್ಕೆ ಬಿದ್ದಂತೆ ಬರೆಯುತ್ತಿದ್ದರು. ಟಿವಿಗೆ ಚಿತ್ರ ಕಳಿಸುವ ಚಿಪ್ಪಿನ ಹೆಸರೇ 'ಟೆಲಿವಿಷನ್ ಇಂಟರ್‌ಫೇಸ್ ಅಡಾಪ್ಟರ್'. ಆಟದ ಚಿತ್ರ ಡಬ್ಬದೊಳಗೆ ಎಲ್ಲೂ ಇರಲಿಲ್ಲ. ಅದು ಇದ್ದದ್ದು ಟಿವಿಯ ಗಾಜಿನ ಮೇಲೆ, ಅದೂ ಒಂದೊಂದೇ ಗೆರೆಯಾಗಿ.

ಓದುತ್ತಿದ್ದಾಗ ನನಗೆ ತಾಳೆಗರಿ ನೆನಪಾಯಿತು. ನಮ್ಮ ಕಡೆ ತಾಳೆಗರಿಯ ಮೇಲೆ ಮಸಿಯಿಂದ ಬರೆಯುತ್ತಿರಲಿಲ್ಲ, ಕಂಠದಿಂದ ಕೊರೆಯುತ್ತಿದ್ದರು. ಕೊರೆದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಮೇಲೆ ಕಾಡಿಗೆಯ ಮಸಿ ಸವರಿ ಒರೆಸಿದಾಗ ಗೀರುಗಳಲ್ಲಿ ಮಸಿ ನಿಂತು ಅಕ್ಷರ ಎದ್ದು ಬರುತ್ತದೆ. ಬರಹ ಗರಿಯಲ್ಲಿದೆ ನಿಜ, ಆದರೆ ಓದಿಗೆ ಸಿಗಬೇಕಾದರೆ ಮಸಿ ಬೇಕು. ಹಳೆಯ ಗೇಮ್ ಕ್ಯಾಸೆಟ್ಟು ಕೊರೆದ ಗರಿಯಂಥದ್ದು. ಪಿಕ್ಚರ್ ಟ್ಯೂಬು ಅದರ ಮಸಿ. ಗರಿಯನ್ನು ಸೀರೆಯಲ್ಲಿ ಸುತ್ತಿ ಜೋಪಾನ ಮಾಡಿದೆವು, ಮಸಿಯನ್ನು ಗುಜರಿಗೆ ಕೊಟ್ಟೆವು.

ಇನ್ನು ಪಿಸ್ತೂಲಿನ ಕಥೆ. ಜಪಾನಿನ ಕ್ಯೋಟೋ ನಗರದ ನಿಂಟೆಂಡೋ 1889ರಲ್ಲಿ ಇಸ್ಪೀಟಿನಂಥ ಹನಫುಡಾ ಎಲೆಗಳನ್ನು ಮಾಡುವ ಅಂಗಡಿಯಾಗಿ ಶುರುವಾದದ್ದು. ಸುಮಾರು ಎಂಬತ್ತು ವರ್ಷದ ನಂತರ ಅದು ಎಲೆಕ್ಟ್ರಾನಿಕ್ ಆಟಿಕೆಗಳಿಗೆ ಕೈ ಹಾಕಿತು. ಆಗ ಶಾರ್ಪ್ ಕಂಪನಿಯ ಪರವಾಗಿ ಬೆಳಕನ್ನು ಗ್ರಹಿಸುವ ದ್ಯುತಿಕೋಶಗಳನ್ನು ಮಾರಲು ನಿಂಟೆಂಡೋಗೆ ಬರುತ್ತಿದ್ದ ಯುವಕ ಮಸಾಯುಕಿ ಉಎಮುರಾ. ಆ ಕೋಶಗಳನ್ನು ಬಳಸಿ ನಿಂಟೆಂಡೋ ಬೆಳಕಿನ ಬಂದೂಕುಗಳನ್ನು ಮಾಡಿತು: ಬಂದೂಕು ಬೆಳಕು ಚೆಲ್ಲುತ್ತದೆ, ಗುರಿಯಲ್ಲಿರುವ ಕೋಶ ಅದನ್ನು ಹಿಡಿಯುತ್ತದೆ. 1973ರಲ್ಲಿ ಖಾಲಿ ಬಿದ್ದಿದ್ದ ಬೌಲಿಂಗ್ ಅಂಗಳಗಳಲ್ಲಿ ಇಂಥ ಬಂದೂಕಿನಿಂದ ಹಾರುವ ಗುರಿಗಳಿಗೆ ಹೊಡೆಯುವ ಆಟಶಾಲೆಗಳನ್ನೂ ತೆರೆಯಿತು. ಅಷ್ಟರಲ್ಲಿ ಉಎಮುರಾ ಕೂಡ ನಿಂಟೆಂಡೋ ಸೇರಿದ್ದರು. ಹತ್ತು ವರ್ಷದ ನಂತರ, 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ 'ಫ್ಯಾಮಿಕಾಮ್' ಎಂಬ ಗೇಮ್ ಡಬ್ಬವನ್ನು ರೂಪಿಸಿದ ತಂಡದ ಮುಖ್ಯಸ್ಥರು ಅವರೇ. ನಮ್ಮ ಮನೆಯ ಡಬ್ಬ ಅದರ ನಕಲು.

1984ರಲ್ಲಿ ಫ್ಯಾಮಿಕಾಮಿಗೆ ಪಿಸ್ತೂಲು ಬಂತು, 'ಡಕ್ ಹಂಟ್' ಬಂತು. ಇಲ್ಲಿ ಒಂದು ಸೊಗಸಾದ ತಿರುವುಮುರುವು ಇದೆ. ಪಿಸ್ತೂಲು ಏನನ್ನೂ ಹಾರಿಸುವುದಿಲ್ಲ, ನೋಡುತ್ತದೆ. ಅದರ ನಳಿಗೆಯ ಒಳಗೆ ಒಂದು ಮಸೂರ, ಅದರ ಹಿಂದೆ ಬೆಳಕು ಹಿಡಿಯುವ ಕೋಶ. ಕುದುರೆ ಎಳೆದೊಡನೆ ಡಬ್ಬ ಇಡೀ ಪರದೆಯನ್ನು ಒಂದು ಚಿತ್ರದಷ್ಟು ಹೊತ್ತು ಕಪ್ಪು ಮಾಡುತ್ತದೆ. ಮುಂದಿನ ಚಿತ್ರದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕ ತೋರಿಸುತ್ತದೆ. ಮೊದಲು ಕತ್ತಲೆ, ಆಮೇಲೆ ಬೆಳಕು, ಎರಡನ್ನೂ ಅದೇ ಕ್ರಮದಲ್ಲಿ ಪಿಸ್ತೂಲು ಕಂಡರೆ ಪೆಟ್ಟು ಬಿತ್ತೆಂದು ಅರ್ಥ. ನಮ್ಮ ಕಣ್ಣಿಗೆ ಅದು ಬರೀ ಒಂದು ಮಿಟುಕು. ಕತ್ತಲೆ ಯಾಕೆ? ಕಿಲಾಡಿ ಹುಡುಗರು ಪಿಸ್ತೂಲನ್ನು ಬಲ್ಬಿನ ಕಡೆ ಹಿಡಿದು ಗೆಲ್ಲಬಾರದೆಂದು. ಅದೂ ಸಾಲದೆಂದು ಪಿಸ್ತೂಲಿನೊಳಗೆ ಇನ್ನೊಂದು ಕಾವಲಿತ್ತು. ಪಿಕ್ಚರ್ ಟ್ಯೂಬಿನ ಕಿರಣ ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಗೆರೆ ಎಳೆಯುತ್ತದೆ. ಆ ವೇಗದಲ್ಲಿ ಮಿಡಿಯುವ ಬೆಳಕನ್ನು ಮಾತ್ರ ಪಿಸ್ತೂಲು ಟಿವಿಯ ಬೆಳಕೆಂದು ನಂಬುತ್ತದೆ.

ಈಗ ಗೋಡೆಯ ಮೇಲಿನ ಟಿವಿಗೆ ಬರೋಣ. ಅದಕ್ಕೆ ನೆನಪಿದೆ. ಬಂದ ಚಿತ್ರವನ್ನು ಅದು ತಕ್ಷಣ ತೋರಿಸುವುದಿಲ್ಲ. ಮೊದಲು ಪೂರ್ತಿ ಹಿಡಿದಿಟ್ಟುಕೊಳ್ಳುತ್ತದೆ, ಹಿಗ್ಗಿಸುತ್ತದೆ, ಬಣ್ಣ ತಿದ್ದುತ್ತದೆ, ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವವರಿಗೆ ಈ ತಡ ಗೊತ್ತೇ ಆಗುವುದಿಲ್ಲ, ಧ್ವನಿಯನ್ನೂ ಅಷ್ಟೇ ತಡಮಾಡಿದರೆ ಮುಗಿಯಿತು. ಆದರೆ ಬಿಳಿ ಚೌಕ ಪರದೆಗೆ ಬರುವಷ್ಟರಲ್ಲಿ ಡಬ್ಬ ಅದಕ್ಕಾಗಿ ಕಾದು, ಕಾಣಲಿಲ್ಲವೆಂದು ತೀರ್ಮಾನಿಸಿ, ನಾಯಿಯನ್ನು ನಗಲು ಕಳಿಸಿಯಾಗಿರುತ್ತದೆ. ಎರಡನೆಯದಾಗಿ, ಎಲ್‌ಸಿಡಿ ಪರದೆಯಲ್ಲಿ ಗೆರೆ ಎಳೆಯುವ ಕಿರಣವೇ ಇಲ್ಲ. ಪಿಸ್ತೂಲಿನ ಕಾವಲುಗಾರನ ಲೆಕ್ಕದಲ್ಲಿ ನಮ್ಮ 43 ಇಂಚಿನ ಟಿವಿ ಒಂದು ದೊಡ್ಡ ಬಲ್ಬು. ಅಕ್ಕ ಎಷ್ಟೇ ಗುರಿಯಿಟ್ಟು ಹೊಡೆದಿದ್ದರೂ ಅವತ್ತು ಒಂದು ಬಾತುಕೋಳಿಯೂ ಬೀಳುವುದು ಸಾಧ್ಯವಿರಲಿಲ್ಲ. ಮಾರಿಯೋ ಹಳ್ಳಕ್ಕೆ ಬಿದ್ದದ್ದಕ್ಕೂ ಇದೇ ತಡವೇ ಕಾರಣ.

ಈ ಹುಡುಕಾಟದಲ್ಲಿ ನನಗೆ ನನ್ನದೇ ಒಂದು ಹಳೆಯ ಗೊಂದಲಕ್ಕೂ ಉತ್ತರ ಸಿಕ್ಕಿತು. ಕಾಲೇಜಿಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಮೂಲ 'ಸೂಪರ್ ಮಾರಿಯೋ ಬ್ರದರ್ಸ್' ಆಡಿದಾಗ ಅದರ ಸಂಗೀತ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ಯಾವನೋ ಕೆಡಿಸಿದ್ದಾನೆ ಎಂದುಕೊಂಡಿದ್ದೆ. ಕೆಟ್ಟದ್ದು ಏನೂ ಇರಲಿಲ್ಲ. ಅಮೆರಿಕ, ಜಪಾನುಗಳ ಟಿವಿ ಸೆಕೆಂಡಿಗೆ ಸುಮಾರು 60 ಬಾರಿ ಪರದೆಯನ್ನು ಗುಡಿಸುತ್ತಿತ್ತು. ಭಾರತ 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ, ಬಣ್ಣದ ಪ್ರಸಾರ ಶುರುಮಾಡಿದಾಗ ಆರಿಸಿಕೊಂಡದ್ದು ಯುರೋಪಿನ ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 50 ಬಾರಿ. ಫ್ಯಾಮಿಕಾಮಿನ ಆಟಗಳು ಪರದೆಯ ಒಂದೊಂದು ಗುಡಿಸುವಿಕೆಯನ್ನೇ ಒಂದೊಂದು ತಾಳದ ಪೆಟ್ಟಾಗಿ ಎಣಿಸುತ್ತಿದ್ದವು. ಮಾರಿಯೋನ ಹೆಜ್ಜೆ, ಕೋಜಿ ಕೊಂಡೋ ಅವರ ಸಂಗೀತ, ಎಲ್ಲ ಅದೇ ಎಣಿಕೆಯಲ್ಲಿ. ಅರವತ್ತಕ್ಕೆ ಬರೆದದ್ದನ್ನು ಐವತ್ತಕ್ಕೆ ಆಡಿಸಿದರೆ ವೇಗ ಆರರಲ್ಲಿ ಐದು ಪಾಲಾಗುತ್ತದೆ. ಶ್ರುತಿ ಹೆಚ್ಚೂಕಡಿಮೆ ಅದೇ, ಕಾಲ ಮಾತ್ರ ವಿಳಂಬ. ನನ್ನ ಬಾಲ್ಯದ ಮಾರಿಯೋ ನಿಧಾನಿ. ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿಗಳೂ ಇದ್ದವು, ಆ ಪದ್ಧತಿಯ ಹೆಚ್ಚಿನ ಗೆರೆಗಳನ್ನು ತುಂಬಲು ಆಟದ ಬಳಿ ಚಿತ್ರವಿಲ್ಲದೆ.

ನಾನೊಬ್ಬನೇ ಹೀಗೆ ಬೆಳೆದವನಲ್ಲ. ಫ್ಯಾಮಿಕಾಮಿನ ಚಿಪ್ಪುಗಳನ್ನು ತೈವಾನಿನಲ್ಲಿ ನಕಲು ಮಾಡಿದರು. ಆ ನಕಲು ಡಬ್ಬಗಳು ನಿಂಟೆಂಡೋ ಸರಿಯಾಗಿ ಕಾಲಿಡದ ದೇಶಗಳಿಗೆಲ್ಲ ಹೋದವು. ರಷ್ಯಾದಲ್ಲಿ ಅದರ ಹೆಸರು 'ಡೆಂಡಿ', ಪೋಲೆಂಡಿನಲ್ಲಿ 'ಪೆಗಾಸಸ್'. ನಮ್ಮಲ್ಲಿ ಅಂಗಡಿಗೊಂದು ಹೆಸರು. ಕೇಳುವಾಗ ಎಲ್ಲರೂ ಕೇಳುತ್ತಿದ್ದದ್ದು 'ಟಿವಿ ಗೇಮ್'. ಕ್ಯಾಸೆಟ್ಟಿನ ಮೇಲೆ 9999999 ಆಟಗಳೆಂದು ಅಚ್ಚು ಹಾಕಿರುತ್ತಿದ್ದರು. ಒಳಗೆ ಮಾರಿಯೋ, ಕಾಂಟ್ರಾ, ಟ್ಯಾಂಕ್, ಬಾಂಬರ್‌ಮ್ಯಾನ್, ಸರ್ಕಸ್ ಹೀಗೆ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿ ಸುತ್ತಿ ಸುತ್ತಿ ಬರುತ್ತಿದ್ದವು. ಜಪಾನಿನ ಆಟ, ತೈವಾನಿನ ಚಿಪ್ಪು, ಯುರೋಪಿನ ಟಿವಿ ಪದ್ಧತಿ, ಬಿಪಿಎಲ್ ಪೆಟ್ಟಿಗೆ, ಹಾಸನದ ಹಾಲು: ಇಷ್ಟೂ ಕೂಡಿದಾಗ ಹುಟ್ಟಿದ ಆಟ ಅದು. ಅದರ 'ಮೂಲ ಪ್ರತಿ' ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ತಿಳಿಯದು. ಗ್ರಂಥ ಸಂಪಾದನೆ ಮಾಡುವವರು ಪಾಠಾಂತರ ಎನ್ನುತ್ತಾರಲ್ಲ, ನಮ್ಮದು ಆ ಆಟದ ಭಾರತೀಯ ಪಾಠ.

ಹೊಸ ಟಿವಿಯಲ್ಲಿ ಕಳೆದುಹೋಗುವುದು ಪಿಸ್ತೂಲು ಮಾತ್ರವಲ್ಲ. ಸೆಗಾ ಕಂಪನಿಯ 'ಸೋನಿಕ್' 1991ರದು. ಅದರ ಮೊದಲ ಹಂತದಲ್ಲಿ ಒಂದು ಜಲಪಾತವಿದೆ. ಆ ಯಂತ್ರಕ್ಕೆ ಪಾರದರ್ಶಕ ನೀರು ಬಿಡಿಸಲು ಬರುತ್ತಿರಲಿಲ್ಲ. ಕಲಾವಿದರು ಒಂದು ಗೆರೆ ನೀರು, ಒಂದು ಗೆರೆ ಖಾಲಿ ಹೀಗೆ ನಿಲುವು ಪಟ್ಟಿಗಳನ್ನು ಎಳೆದು ಬಿಟ್ಟರು. ಬಣ್ಣವನ್ನೂ ಬೆಳಕನ್ನೂ ಒಂದೇ ವೈರಿನಲ್ಲಿ ಕಲೆಸಿ ಕಳಿಸುವ ಹಳೆಯ ಸಂಪರ್ಕದಲ್ಲಿ ಪಟ್ಟಿಗಳು ಒಂದರೊಳಗೊಂದು ಹರಡಿಕೊಂಡು ಹಿಂದಿನ ಬೆಟ್ಟ ಕಾಣುವ ತೆಳುನೀರಾಗುತ್ತಿದ್ದವು. ಇಂದಿನ ಚೂಪಾದ ಪರದೆಯಲ್ಲಿ ನೋಡಿದರೆ ಅಲ್ಲಿ ನೀರಿಲ್ಲ, ಕಿಟಕಿಯ ಸರಳುಗಳಿವೆ. ವೈರಿನ ದೋಷವನ್ನೇ ಕುಂಚ ಮಾಡಿಕೊಂಡವರ ಚಿತ್ರವನ್ನು ನಾವು ದೋಷ ತಿದ್ದಿ ಕೆಡಿಸಿದೆವು.

ಮಾರಿಯೋನ ಅಂಚು ಕಲಸಿಹೋದದ್ದಕ್ಕೆ ಕಾರಣ ಇನ್ನೊಂದು. ಪ್ರಸಾರ ಕೇಂದ್ರಗಳು ಬೆಸಗೆರೆಗಳನ್ನು ಒಮ್ಮೆ, ಸಮಗೆರೆಗಳನ್ನು ಇನ್ನೊಮ್ಮೆ ಕಳಿಸುತ್ತಿದ್ದವು. ಗೇಮ್ ಡಬ್ಬಗಳು ಪ್ರತಿ ಬಾರಿಯೂ ಅದೇ 240 ಗೆರೆಗಳ ಮೇಲೆಯೇ ಹೊಸ ಚಿತ್ರ ಬರೆಯುತ್ತಿದ್ದವು; ನಡುವಿನ ಗೆರೆಗಳು ಕಪ್ಪಾಗಿಯೇ ಉಳಿಯುತ್ತಿದ್ದವು. ಹೊಸ ಟಿವಿಗಳಲ್ಲಿ ಹೆಚ್ಚಿನವು ಇದನ್ನು ಪ್ರಸಾರದ ಚಿತ್ರವೆಂದೇ ತಿಳಿದು, ಎರಡು ಬೇರೆ ಬೇರೆ ಚಿತ್ರಗಳನ್ನು ಒಂದಕ್ಕೊಂದು ಹೆಣೆಯಲು ಹೋಗುತ್ತವೆ. ಹೊಸ ಟಿವಿಯ ಜಾಣತನವೇ ಇಲ್ಲಿ ತೊಡಕು.

ಇದಕ್ಕೆ ಮದ್ದುಗಳಿವೆ. ಟಿವಿಯ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಹಾಕಿದರೆ ಅದು ತಿದ್ದುಪಡಿ ಕಡಿಮೆ ಮಾಡಿ ಬೇಗ ತೋರಿಸುತ್ತದೆ. ಪರದೆಯ ಅಳತೆಯನ್ನು 4:3ಕ್ಕೆ ಬದಲಿಸಿದರೆ ಮಾರಿಯೋನ ಬೊಜ್ಜು ಕರಗುತ್ತದೆ. ಹಳೆಯ ಸಂಕೇತವನ್ನು ಸರಿಯಾಗಿ ಅರ್ಥಮಾಡಿಕೊಂಡು ಎಚ್‌ಡಿಎಂಐಗೆ ತಿರುಗಿಸಿಕೊಡುವ ಚಿಕ್ಕ ಡಬ್ಬಗಳನ್ನು ಆಸಕ್ತರೇ ಮಾಡಿ ಮಾರುತ್ತಾರೆ. 4ಕೆ ಟಿವಿಯ 2160 ಗೆರೆಗಳನ್ನು 240ರಿಂದ ಭಾಗಿಸಿದರೆ ಸರಿಯಾಗಿ 9. ಹಾಗಾಗಿ ಒಂದೊಂದು ಹಳೆಯ ಗೆರೆಗೆ ಒಂಬತ್ತು ಹೊಸ ಗೆರೆ ಸಿಗುತ್ತವೆ. ಅವುಗಳಲ್ಲಿ ಕೆಲವನ್ನು ಮಂಕು ಮಾಡಿ ಪಿಕ್ಚರ್ ಟ್ಯೂಬಿನ ಆ ಕಪ್ಪು ಗೆರೆಗಳನ್ನು ಮತ್ತೆ ಬರೆಯುತ್ತಾರೆ. ಟಿವಿ ಹೊಸದಾದಷ್ಟೂ ಹಳೆಯ ಟಿವಿಯ ವೇಷ ಚೆನ್ನಾಗಿ ಹಾಕಬಲ್ಲದು. 2016ರಲ್ಲಿ ನಿಂಟೆಂಡೋ ತನ್ನ ಹಳೆಯ ಡಬ್ಬದ ಅಂಗೈಯಗಲದ ಮರುಅವತಾರ ತಂದಾಗ ಅದರಲ್ಲೂ ಇಂಥ ವೇಷದ ಆಯ್ಕೆಯಿತ್ತು. ಅದರಲ್ಲಿ 30 ಆಟಗಳಿದ್ದವು. 'ಡಕ್ ಹಂಟ್' ಇರಲಿಲ್ಲ. ಬಾತುಕೋಳಿ ಬೇಟೆ ಪಿಕ್ಚರ್ ಟ್ಯೂಬಿನ ವೇಷಕ್ಕೆ ಮೋಸಹೋಗುವುದಿಲ್ಲ, ಅದಕ್ಕೆ ಟ್ಯೂಬೇ ಬೇಕು.

ದೊಡ್ಡ ವಸ್ತುಸಂಗ್ರಹಾಲಯಗಳಿಗೂ ಇದೇ ಕಷ್ಟ. ಟಿವಿಗಳನ್ನೇ ಬಣ್ಣದಂತೆ ಬಳಸಿದ ಕೊರಿಯಾ ಮೂಲದ ಕಲಾವಿದ ನಾಮ್ ಜುನ್ ಪೈಕ್ ಅವರ 1995ರ 'ಎಲೆಕ್ಟ್ರಾನಿಕ್ ಸೂಪರ್‌ಹೈವೇ'ಯಲ್ಲಿ 336 ಟಿವಿಗಳಿವೆ. ಟ್ಯೂಬುಗಳಿಗೆ ಆಯಸ್ಸು ಇದೆ, ಮಾಡುವ ಕಾರ್ಖಾನೆಗಳು ಮುಚ್ಚಿವೆ. ಚಿತ್ರಕಲೆಯನ್ನು ಕಾಪಾಡಬಲ್ಲವರು ಹೊಳೆಯುವ ಪುಡಿಯನ್ನು ಹೇಗೆ ಕಾಪಾಡಬೇಕು? ಉಳಿದ ಪ್ರತಿ ಟ್ಯೂಬೂ ಬೆಳಗಿದಷ್ಟು ಹೊತ್ತು ಸವೆಯುತ್ತಿರುತ್ತದೆ. ಗುಜರಿಗೆ ಹೋದವುಗಳ ಗಾಜಿನಲ್ಲಿ ಸೀಸವಿದೆ. ಒಡೆದು ಎಲ್ಲೆಂದರಲ್ಲಿ ಸುರಿದರೆ ಮಣ್ಣಿಗೆ ವಿಷ. ನಾವು ಎಂಟಾಣೆ ಯೋಚನೆಯನ್ನೂ ಮಾಡದೆ ಕೊಟ್ಟುಕಳಿಸಿದ ಪೆಟ್ಟಿಗೆಯನ್ನು ಮತ್ತೆ ತರುವುದು ಸುಲಭವಲ್ಲ, ತಂದಿಟ್ಟುಕೊಳ್ಳುವುದೂ ನಿರಪಾಯವಲ್ಲ.

ಆದರೂ ನನಗೆ ಒಂದು ಬೇಕಿತ್ತು, ಒಂದು ದಿನದ ಮಟ್ಟಿಗಾದರೂ. ಸಂತೆಪೇಟೆಯ ಕಡೆ ಟಿವಿ ರಿಪೇರಿ ಅಂಗಡಿಯೊಂದರಲ್ಲಿ 21 ಇಂಚಿನ ಹಳೆಯ ಪೆಟ್ಟಿಗೆಯೊಂದನ್ನು ಮಾಲೀಕರು ಡಿವಿಡಿ ಪ್ಲೇಯರ್ ಪರೀಕ್ಷೆ ಮಾಡಲು ಇಟ್ಟುಕೊಂಡಿದ್ದರು. ಅವರು ಮಾರಲು ಒಪ್ಪಲಿಲ್ಲ. "ಇದು ಹೋದ್ರೆ ನನಗೆ ಇನ್ನೊಂದು ಸಿಗಲ್ಲ ಸಾರ್" ಅಂದರು. ಕಥೆ ಹೇಳಿದ ಮೇಲೆ ಸಂಕ್ರಾಂತಿಗೆ ಎರಡು ದಿನ ಕೊಟ್ಟರು. ಆಟೋದಿಂದ ಇಳಿಸಿ ಒಳಗೆ ತರಲು ಇಬ್ಬರು ಬೇಕಾಯಿತು. ಅಮ್ಮ ಬಾಗಿಲಲ್ಲಿ ನಿಂತು, "ಮತ್ತೆ ಇದನ್ನ ಎಲ್ಲಿ ಇಡ್ತೀರೋ" ಅಂದಳು.

ಎವಿ ವೈರನ್ನು ಬಿಟ್ಟು ಆಂಟೆನಾ ವೈರನ್ನೇ ಸಿಕ್ಕಿಸಿದೆ. ಪರದೆಯ ತುಂಬ ಇರುವೆ ಓಡಾಡಿದಂಥ ಚುಕ್ಕೆ, ಸೊಯ್ ಎಂಬ ಸದ್ದು. ಹುಡುಕುತ್ತಾ ಹುಡುಕುತ್ತಾ ಒಂದು ಕಡೆ ಇರುವೆಗಳು ಚದುರಿ ಚಿತ್ರ ನಿಂತಿತು. ಯಾವ ನಂಬರಿಗೆ ಕೂರಿಸಲಿ ಎಂದು ಯೋಚಿಸಬೇಕಾಗಲಿಲ್ಲ.

ಅಷ್ಟು ಹೊತ್ತಿಗೆ ಅಕ್ಕನಿಗೆ ನಾನು ಇದನ್ನೆಲ್ಲ ಫೋನಿನಲ್ಲೇ ಹೇಳಿದ್ದೆ. ಅವಳು ಪೂರ್ತಿ ನಂಬಿರಲಿಲ್ಲ. ತಮ್ಮ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡಿದ್ದಳು. ಸೋಫಾದಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, ಹೊಡೆದಳು. ಮೊದಲ ಬಾತುಕೋಳಿ ತಲೆಕೆಳಗಾಗಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಹಾರಿಹೋಯಿತು, ನಾಲ್ಕನೆಯದೂ ಹೋಯಿತು. ನಾಯಿ ನಕ್ಕಿತು. ಹಿಂದಿನ ಅಕ್ಕನ ಆಟಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ, ಆರನೇ ಸುತ್ತಿಗೆ ಆಟ ಮುಗಿಯಿತು. ನಾನು ಏನೋ ಸಮಾಧಾನ ಹೇಳಲು ಹೊರಟೆ. ಅವಳು ಪಿಸ್ತೂಲು ಕೆಳಗಿಡದೆ, "ಸುಮ್ನಿರು, ಈಗ ತಪ್ಪಿದ್ದೆಲ್ಲ ನನ್ನದೇ ಕಣೋ" ಅಂದು ಮತ್ತೆ ಮೊದಲಿನಿಂದ ಶುರುಮಾಡಿದಳು.

ಅವಳ ಮಗಳು ಅಷ್ಟು ಹೊತ್ತೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಯಾಕೆ ಎಂದು ಕೇಳಿದೆ. "ಟಿವಿ ಕುಯ್ಯ್ ಅಂತಿದೆ ಮಾಮ, ನಿಮಗೆ ಕೇಳಿಸ್ತಿಲ್ವಾ?" ಅಂದಳು. ನಾನೂ ಅಕ್ಕನೂ ಮುಖ ನೋಡಿಕೊಂಡೆವು. ಪಿಕ್ಚರ್ ಟ್ಯೂಬಿನ ಗೆರೆ ಎಳೆಯುವ ವೇಗ, ನಮ್ಮ ಪದ್ಧತಿಯಲ್ಲಿ ಸೆಕೆಂಡಿಗೆ 15,625. ಅದೇ ಕಂಪನದಲ್ಲಿ ಟಿವಿಯ ಒಳಗಿನ ಭಾಗಗಳೂ ಸಣ್ಣದಾಗಿ ಕಿರುಗುಡುತ್ತವೆ. ಅಷ್ಟು ಎತ್ತರದ ಸ್ವರ ಮಕ್ಕಳ ಕಿವಿಗೆ ಸಿಗುತ್ತದೆ, ನಲವತ್ತು ದಾಟಿದ ಮೇಲೆ ಹೆಚ್ಚಿನವರಿಗೆ ಸಿಗುವುದಿಲ್ಲ. ಚಿಕ್ಕಂದಿನಲ್ಲಿ ಸ್ಕೂಲಿನಿಂದ ಬರುವಾಗ ಗೇಟಿನ ಹತ್ತಿರದಿಂದಲೇ ಮನೆಯಲ್ಲಿ ಟಿವಿ ಹಾಕಿದ್ದಾರೆಂದು ನಮಗೆ ತಿಳಿಯುತ್ತಿತ್ತು; ಧ್ವನಿ ಪೂರ್ತಿ ಇಳಿಸಿದ್ದರೂ ತಿಳಿಯುತ್ತಿತ್ತು. ಹೇಗೆ ತಿಳಿಯುತ್ತೋ ಎಂದು ಅಪ್ಪ ಆಶ್ಚರ್ಯಪಡುತ್ತಿದ್ದರು. ಅವರಿಗೆ ಆಗ ನಲವತ್ತೆರಡು.

ಮೂರನೇ ದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಅಂಗಡಿಗೆ ವಾಪಸು ಕೊಟ್ಟುಬಂದೆವು. ಗೇಮ್ ಡಬ್ಬ ಮತ್ತೆ ಅದೇ ಸೀರೆಯ ತುಂಡಿನಲ್ಲಿದೆ. ಪ್ಲಾಸ್ಟರಿನ ಅಂಚು ಏಳತೊಡಗಿತ್ತು. ಅಕ್ಕ ಅದರ ಮೇಲೆ ಸೆಲ್ಲೋಟೇಪು ಹಚ್ಚಿದಳು.